ಅಸಿಟನಿಲೈಡ್ ಮರುಸ್ಫಟಿಕೀಕರಣ: ಕುದಿಯುವ ನೀರಿನ ತಳದಲ್ಲಿ ಎಣ್ಣೆ ಏಕೆ ನಿಲ್ಲುತ್ತದೆ?

ಪ್ರಶ್ನೆ: ನಾಲೆಬದಿ ವಿದ್ಯಾರ್ಥಿನಿ, ಮಂಡ್ಯ

ಎಲ್ಲರಿಗೂ ನಮಸ್ಕಾರ. ಮಂಡ್ಯದ ಒಂದು ಕಾಲೇಜಿನಲ್ಲಿ ಬಿ.ಎಸ್‌ಸಿ. ಓದುತ್ತಿದ್ದೇನೆ. ಈ ಸೆಮಿಸ್ಟರಿನಲ್ಲಿ ಸಾವಯವ ರಸಾಯನಶಾಸ್ತ್ರದ ಲ್ಯಾಬ್ ಇದೆ. ಅನಿಲೀನಿನಿಂದ ಅಸಿಟನಿಲೈಡ್ ತಯಾರಿಸಿ, ಅದನ್ನು ನೀರಿನಲ್ಲಿ ಮರುಸ್ಫಟಿಕೀಕರಣ ಮಾಡಿ (ಬಿಸಿನೀರಿನಲ್ಲಿ ಕರಗಿಸಿ, ತಣಿಸಿ, ಮತ್ತೆ ಹರಳಾಗಿಸಿ), ಕರಗುವ ಬಿಂದು ನೋಡಿ ಒಪ್ಪಿಸಬೇಕು.

5 ಮಿ.ಲೀ. ಅನಿಲೀನಿಗೆ ಅಸಿಟಿಕ್ ಅನ್‌ಹೈಡ್ರೈಡ್ ಹಾಕಿ, ಬಿಸಿ ಮಾಡಿ, ತಣ್ಣೀರಿಗೆ ಸುರಿದಾಗ ಗಟ್ಟಿ ಪದಾರ್ಥ ಚೆನ್ನಾಗಿಯೇ ಬಂತು. ಸ್ವಲ್ಪ ಕಂದು ಬಣ್ಣವಿತ್ತು. ಒಣಗಿಸಿ ತೂಗಿದರೆ 6.1 ಗ್ರಾಂ. ಅದಷ್ಟನ್ನೂ 60 ಮಿ.ಲೀ. ನೀರಿಗೆ ಹಾಕಿ ಕುದಿಸಿದೆ. ಎಷ್ಟು ಕುದಿಸಿದರೂ ತಳದಲ್ಲಿ ಕಂದು ಬಣ್ಣದ ಎಣ್ಣೆಯಂಥ ಹನಿಗಳು ಉಳಿದೇ ಇದ್ದವು. ಅದು ಕಲ್ಮಶ, ಸೋಸಿ ತೆಗೆಯಬೇಕು ಎಂದು ಪಕ್ಕದ ಮೇಜಿನವರು ಹೇಳಿದರು. ಇದ್ದಿಲು ಪುಡಿ ಹಾಕಿ ಬಿಸಿಬಿಸಿಯಾಗಿ ಸೋಸಿದೆ. ಸೋಸಿದ ನೀರು ತಣಿದಾಗ ಬಿಳಿ ಹರಳುಗಳೇನೋ ಬಂದವು, ಆದರೆ 2.9 ಗ್ರಾಂ ಮಾತ್ರ. ಕರಗುವ ಬಿಂದು 108ರಿಂದ 111 ಡಿಗ್ರಿ. ಪುಸ್ತಕದಲ್ಲಿ 114 ಎಂದಿದೆ.

ಆ ಎಣ್ಣೆ ಏನು? ಅರ್ಧಕ್ಕಿಂತ ಹೆಚ್ಚು ಪದಾರ್ಥ ಎಲ್ಲಿ ಹೋಯಿತು? ಇನ್ನೊಂದು ವಿಷಯ: ಅದೇ ಥರ್ಮಾಮೀಟರನ್ನು ಕುದಿಯುವ ನೀರಿನಲ್ಲಿಟ್ಟು ನೋಡಿದೆ, 98ರ ಹತ್ತಿರವೇ ನಿಂತುಬಿಡುತ್ತದೆ. ಥರ್ಮಾಮೀಟರ್ ಕೆಟ್ಟಿದ್ದರೆ ಎಲ್ಲ ಅಳತೆಗೂ 2 ಡಿಗ್ರಿ ಸೇರಿಸಿ ಬರೆಯಬಹುದೇ? ಮುಂದಿನ ವಾರ ವೈವಾ (ಮೌಖಿಕ ಪರೀಕ್ಷೆ) ಇದೆ.

ಉತ್ತರ: ಗಂಗೋತ್ರಿ ಹಾಸ್ಟೆಲ್, ಮೈಸೂರು

ಕಂದು ಎಣ್ಣೆ ಎಂದರೆ ಪ್ರತಿಕ್ರಿಯೆಯಲ್ಲಿ ಉಳಿದುಹೋದ ಅನಿಲೀನ್ ಇರಬೇಕು. ಸೋಸಿದ್ದು ಒಳ್ಳೆಯದೇ ಆಯಿತು. ಮುಂದಿನ ಸಲ ನೀರಿನ ಬದಲು ಆಲ್ಕೋಹಾಲ್ ಬಳಸಿ, ಈ ತೊಂದರೆಯೇ ಬರುವುದಿಲ್ಲ. ಥರ್ಮಾಮೀಟರ್ 2 ಡಿಗ್ರಿ ಕಡಿಮೆ ತೋರಿಸುತ್ತಿದ್ದರೆ 108–111 ಎನ್ನುವುದು 110–113 ಆಗುತ್ತದೆ, ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ತರಗತಿಯಲ್ಲಿ ಎಲ್ಲರೂ ಕಣ್ಣು ಮುಚ್ಚಿ 114 ಎಂದೇ ಬರೆದಿದ್ದೆವು.

ಉತ್ತರ: ಬುನ್ಸೆನ್ ಅಜ್ಜಿ, ಸರಸ್ವತಿಪುರಂ, ಮೈಸೂರು

ಮಗು, ಮೇಲಿನ ಉತ್ತರವನ್ನು ಪಕ್ಕಕ್ಕಿಡು. ಹಾಸ್ಟೆಲಿನ ಹುಡುಗ ಬೇಸರ ಮಾಡಿಕೊಳ್ಳಬಾರದು, ಆದರೆ ಮೂರು ಮಾತು ಹೇಳಿ ಮೂರರಲ್ಲೂ ಎಡವಿದ್ದಾನೆ. ಮೂವತ್ತು ವರ್ಷಕ್ಕೂ ಮೇಲೆ ಇದೇ ಪ್ರಯೋಗವನ್ನು ಮಾಡಿಸಿದವಳು ನಾನು. ಈ ಎಣ್ಣೆಯನ್ನು ಕಲ್ಮಶ ಎಂದು ಚೆಲ್ಲುವ ಸಂಪ್ರದಾಯ ಒಂದು ತಂಡದಿಂದ ಇನ್ನೊಂದು ತಂಡಕ್ಕೆ ಆಸ್ತಿಯ ಹಾಗೆ ಬರುತ್ತಲೇ ಇದೆ.

ಮೊದಲು ಲೆಕ್ಕ. ಅಸಿಟನಿಲೈಡ್ ಕುದಿಯುವ ನೀರಿನಲ್ಲಿ 100 ಮಿ.ಲೀ.ಗೆ ಸುಮಾರು 5.5 ಗ್ರಾಂ ಕರಗುತ್ತದೆ. ಕೋಣೆಯ ಉಷ್ಣತೆಯಲ್ಲಿ ಅದರ ಹತ್ತನೇ ಒಂದು ಭಾಗ, ಅರ್ಧ ಗ್ರಾಂ ಚಿಲ್ಲರೆ. ನೀನು ತೆಗೆದುಕೊಂಡದ್ದು 60 ಮಿ.ಲೀ. ಅದು ಕುದಿಯುವಾಗ ಹೊರಬಲ್ಲದ್ದು 3.3 ಗ್ರಾಂ. ತಣಿದ ಮೇಲೂ ನೀರಿನಲ್ಲೇ ಉಳಿಯುವುದು 0.3 ಗ್ರಾಂ. ಕಳೆದರೆ 3 ಗ್ರಾಂ. ನಿನ್ನ ತಕ್ಕಡಿ 2.9 ಎಂದಿದೆ. ಇಷ್ಟು ಪ್ರಾಮಾಣಿಕವಾದ ಸಂಖ್ಯೆ ವಿದ್ಯಾರ್ಥಿಗಳ ರೆಕಾರ್ಡ್ ಪುಸ್ತಕದಲ್ಲಿ ಸಿಗುವುದು ಅಪರೂಪ. ಉಳಿದ ಸುಮಾರು 2.8 ಗ್ರಾಂ ಎಲ್ಲಿದೆ ಎಂದು ಕೇಳಿದೆಯಲ್ಲ, ನೀನು ಸೋಸಿದ ಕಾಗದದ ಮೇಲೆ ಇದ್ದಿಲಿನ ಜೊತೆ ಕುಳಿತಿದೆ. ಆ ಎಣ್ಣೆಯೇ ನಿನ್ನ ಅಸಿಟನಿಲೈಡ್.

ಕರಗುವ ಬಿಂದು 114 ಇರುವ ವಸ್ತು 98 ಡಿಗ್ರಿಯ ನೀರಿನಲ್ಲಿ ಎಣ್ಣೆಯಾಗುವುದು ಹೇಗೆ ಎಂದು ನಿನಗೆ ಅನುಮಾನ ಬರಬೇಕು, ಬರದಿದ್ದರೆ ವೈವಾದಲ್ಲಿ ಪರೀಕ್ಷಕರು ಬರಿಸುತ್ತಾರೆ. 114 ಎನ್ನುವುದು ಒಣಗಿದ, ಶುದ್ಧ ಅಸಿಟನಿಲೈಡಿನ ಲೆಕ್ಕ. ಯಾವುದೇ ಶುದ್ಧ ವಸ್ತುವಿಗೆ ಇನ್ನೊಂದು ವಸ್ತು ಬೆರೆತರೆ ಕರಗುವ ಬಿಂದು ಇಳಿಯುತ್ತದೆ, ಆ ಇನ್ನೊಂದು ವಸ್ತು ನೀರೇ ಆಗಿದ್ದರೂ ಸರಿ. ನೀರಿನ ಸಂಪರ್ಕದಲ್ಲಿರುವ ಅಸಿಟನಿಲೈಡ್ ಸುಮಾರು 83 ಡಿಗ್ರಿಗೇ ಸೋತು ದ್ರವವಾಗಿಬಿಡುತ್ತದೆ. ನೀರು ಸಾಲದೆ ಕರಗದೆ ಉಳಿದ ಭಾಗ ಹೀಗೆ ಎಣ್ಣೆಯಾಗಿ ತಳ ಸೇರುತ್ತದೆ. ಅದರಲ್ಲಿ ಒಂದಿಷ್ಟು ನೀರೂ ಇರುತ್ತದೆ. ಬಣ್ಣದ ಕಲ್ಮಶಗಳಿಗೂ ನೀರಿಗಿಂತ ಈ ಎಣ್ಣೆಯೇ ಹೆಚ್ಚು ಇಷ್ಟ, ಹಾಗಾಗಿ ಕಂದು ಬಣ್ಣವೆಲ್ಲ ಅಲ್ಲಿ ಸೇರಿಕೊಂಡು ನೋಡುವವರಿಗೆ ಕಲ್ಮಶದಂತೆಯೇ ಕಾಣುತ್ತದೆ. ಪಕ್ಕದ ಮೇಜಿನವರನ್ನು ದೂರಿ ಪ್ರಯೋಜನವಿಲ್ಲ.

ಮಾಡಬೇಕಾದದ್ದು ಇಷ್ಟೇ. ಎಣ್ಣೆ ಕಂಡರೆ ಬಿಸಿನೀರು ಸೇರಿಸು. ಇನ್ನೊಂದು ಬೀಕರಿನಲ್ಲಿ ನೀರನ್ನು ಕುದಿಸಿಟ್ಟುಕೊಂಡಿರಬೇಕು. ಅದರಿಂದ ಸ್ವಲ್ಪ ಸ್ವಲ್ಪವೇ ಸುರಿದು, ಗಾಜಿನ ಕಡ್ಡಿಯಿಂದ ಕಲಕುತ್ತಾ, ಪ್ರತಿ ಸಲವೂ ಮತ್ತೆ ಕುದಿ ಬರುವವರೆಗೆ ಕಾಯಬೇಕು. ಕೊನೆಯ ಹನಿ ಮಾಯವಾದ ಮೇಲೆ ಇನ್ನೂ ಹತ್ತು ಹದಿನೈದು ಮಿ.ಲೀ. ಹೆಚ್ಚು. ನಿನ್ನ 6.1 ಗ್ರಾಂಗೆ ಒಟ್ಟು 125 ಮಿ.ಲೀ. ಆಸುಪಾಸು ಬೇಕಾಗುತ್ತಿತ್ತು. ಆ ಹೆಚ್ಚುವರಿ ನೀರು ದಂಡವಲ್ಲ. ಸೋಸುವಾಗ ಫನಲಿನ ಕುತ್ತಿಗೆಯಲ್ಲೇ ಹರಳು ಕಟ್ಟಿ ನಿಂತುಬಿಡದಿರಲಿ ಎಂದು. ಕುತ್ತಿಗೆ ಇಲ್ಲದ ಫನಲ್ ಸಿಕ್ಕರೆ ಇನ್ನೂ ಒಳ್ಳೆಯದು. ಅದನ್ನು ಕುದಿಯುವ ಬೀಕರಿನ ಬಾಯಿಯ ಮೇಲಿಟ್ಟು ಆವಿಯಲ್ಲಿ ಬಿಸಿ ಮಾಡಿ, ಸೋಸುಕಾಗದವನ್ನು ಬೀಸಣಿಗೆಯಂತೆ ನೆರಿಗೆ ನೆರಿಗೆಯಾಗಿ ಮಡಿಸಿ ಕೂರಿಸು.

ಇದ್ದಿಲಿನ ವಿಷಯದಲ್ಲಿ ಎರಡು ಮಾತು. ಎಣ್ಣೆ ಇರುವಾಗ ಇದ್ದಿಲು ಹಾಕಲೇಬಾರದು, ಪೂರ್ತಿ ಕರಗಿದ ಮೇಲೆ ಹಾಕಬೇಕು. ಕುದಿಯುತ್ತಿರುವಾಗಲೂ ಹಾಕಬಾರದು. ಒಲೆಯಿಂದ ಇಳಿಸಿ, ಕುದಿ ನಿಂತ ಮೇಲೆ ಚಿಟಿಕೆಯಷ್ಟು ಹಾಕಿ ಮತ್ತೆ ಕಾಯಿಸಬೇಕು. ಕುದಿಯುವ ದ್ರಾವಣಕ್ಕೆ ಪುಡಿ ಬಿದ್ದರೆ ಭುಗ್ಗೆಂದು ಉಕ್ಕಿ ಮೇಜೆಲ್ಲ ಕಪ್ಪಾಗುತ್ತದೆ, ಕೈ ಸುಡುತ್ತದೆ. ಧಾರಾಳವಾಗಿ ಸುರಿದರೆ ಇದ್ದಿಲು ಬಣ್ಣದ ಜೊತೆಗೆ ನಿನ್ನ ಪದಾರ್ಥವನ್ನೂ ನುಂಗುತ್ತದೆ.

ಆಲ್ಕೋಹಾಲ್ ಏಕೆ ಬೇಡ ಎಂದರೆ, ಅಸಿಟನಿಲೈಡ್ ಅದರಲ್ಲಿ ತಣ್ಣಗಿರುವಾಗಲೂ ಯಥೇಚ್ಛ ಕರಗುತ್ತದೆ. ಬಿಸಿಯಲ್ಲಿ ಚೆನ್ನಾಗಿ ಕರಗಿ ತಣ್ಣಗಾದಾಗ ಹೊರಬೀಳಬೇಕು, ಆಗಲೇ ಅದು ಒಳ್ಳೆಯ ದ್ರಾವಕ. ಅಲ್ಲದೆ ಲ್ಯಾಬಿನ ಸ್ಪಿರಿಟ್ ಬೀಗ ಹಾಕಿದ ಬೀರುವಿನಲ್ಲಿರುತ್ತದೆ, ಕೇಳಿ ಪಡೆಯುವಷ್ಟರಲ್ಲಿ ಲ್ಯಾಬಿನ ಅವಧಿಯೇ ಮುಗಿದಿರುತ್ತದೆ. ನಲ್ಲಿಯ ಪಕ್ಕದಲ್ಲಿ ಡಿಸ್ಟಿಲ್ಡ್ ವಾಟರ್ ಇರುವಾಗ ಆ ತಾಪತ್ರಯ ಏಕೆ?

ಇನ್ನು ಥರ್ಮಾಮೀಟರ್. ಅದು ಕೆಟ್ಟಿಲ್ಲ. ಮಂಡ್ಯ ಸಮುದ್ರಮಟ್ಟಕ್ಕಿಂತ ಸುಮಾರು 680 ಮೀಟರ್ ಎತ್ತರದಲ್ಲಿದೆ, ನಮ್ಮ ಮೈಸೂರು ಸುಮಾರು 770. ಗಾಳಿಯ ಒತ್ತಡ ನಿಮ್ಮಲ್ಲಿ ಪಾದರಸದ 760 ಮಿ.ಮೀ. ಇರುವುದಿಲ್ಲ, 700ರ ಆಸುಪಾಸು ಇರುತ್ತದೆ. ನೀರು ಅಲ್ಲಿ 98ಕ್ಕಿಂತ ಸ್ವಲ್ಪ ಕೆಳಗೇ ಕುದಿಯಬೇಕು, ನಮ್ಮಲ್ಲಿ ಇನ್ನೂ ಒಂದಿಷ್ಟು ಕಡಿಮೆ. ನಿಮ್ಮೂರಿನಲ್ಲಿ 100 ತೋರಿಸುವ ಥರ್ಮಾಮೀಟರ್ ಇದ್ದರೆ ಅದನ್ನು ಅನುಮಾನಿಸು. ಆಸವನದ ಪ್ರಯೋಗ, ಅಂದರೆ ದ್ರವವನ್ನು ಕುದಿಸಿ ಆವಿಯನ್ನು ತಣಿಸಿ ಇಳಿಸುವ ಪ್ರಯೋಗ ಬಂದಾಗ ಇದನ್ನು ನೆನಪಿಟ್ಟುಕೋ: ಪುಸ್ತಕದಲ್ಲಿ 110.6 ಇರುವ ಟೊಲ್ವೀನ್ ಮಂಡ್ಯದಲ್ಲಿ 108ರ ಹತ್ತಿರ ಇಳಿಯುತ್ತದೆ, 78.4ರ ಎಥನಾಲ್ 76 ದಾಟಿದ ಕೂಡಲೇ ಬರುತ್ತದೆ. ಪುಸ್ತಕ ಬರೆದವರು ಕಾವೇರಿ ದಡದಲ್ಲಿ ಕುಳಿತು ಬರೆದಿಲ್ಲ.

ಆದರೆ ಈ ನೆಪದಲ್ಲಿ ಕರಗುವ ಬಿಂದುವಿಗೆ 2 ಡಿಗ್ರಿ ಸೇರಿಸುವಂತಿಲ್ಲ. ದ್ರವ ಕುದಿಯುವಾಗ ಗಾಳಿಯ ಒತ್ತಡವನ್ನು ಮೀರಬೇಕು, ಗಟ್ಟಿ ವಸ್ತು ದ್ರವವಾಗುವಾಗ ಆ ಜಗಳವಿಲ್ಲ. ಇಷ್ಟು ಸಣ್ಣ ಒತ್ತಡದ ವ್ಯತ್ಯಾಸಕ್ಕೆ ಕರಗುವ ಬಿಂದು ಕದಲುವುದು ಕಣ್ಣಿಗೆ ಕಾಣುವುದೇ ಇಲ್ಲ. ಥರ್ಮಾಮೀಟರನ್ನು ಪರೀಕ್ಷಿಸಲೇಬೇಕೆಂದರೆ ಕರಗುತ್ತಿರುವ ಮಂಜುಗಡ್ಡೆಯಲ್ಲಿ 0 ನೋಡು, ಶುದ್ಧ ಬೆಂಜೋಯಿಕ್ ಆಮ್ಲದಲ್ಲಿ 122 ನೋಡು. ನಿನ್ನ 108–111ಕ್ಕೆ ಕಾರಣ ಬೇರೆ. ಹರಳುಗಳನ್ನು ಎಷ್ಟು ಹೊತ್ತು ಒಣಗಿಸಿದೆ? ಉತ್ತರ ಕೊಡುವ ಮೊದಲು ಮೇಲಿನ 83 ಡಿಗ್ರಿಯ ಪ್ಯಾರಾವನ್ನು ಮತ್ತೊಮ್ಮೆ ಓದು.

ಉತ್ತರ: ನಾಲೆಬದಿ ವಿದ್ಯಾರ್ಥಿನಿ, ಮಂಡ್ಯ

ಮೇಡಂ, ತುಂಬಾ ಧನ್ಯವಾದ. 3.3ರಲ್ಲಿ 0.3 ಕಳೆದು 3 ಬಂದಾಗ ಅಣ್ಣನನ್ನು ಕರೆದು ತೋರಿಸಿದೆ. ಒಣಗಿಸಿದ್ದು ಸೋಸುಕಾಗದದ ನಡುವೆ ಒತ್ತಿ, ಅಷ್ಟೇ. ಅವತ್ತೇ ಕರಗುವ ಬಿಂದು ನೋಡಿ ಸಹಿ ಹಾಕಿಸಬೇಕಿತ್ತು. ಬುಕ್ನರ್ ಫನಲಿನ (ಹೀರಿ ಸೋಸುವ ಫನಲ್) ಪಂಪ್ ನಲ್ಲಿಯ ನೀರಿನಿಂದ ನಡೆಯುವಂಥದ್ದು, ಸರಿಯಾಗಿ ಎಳೆಯಲಿಲ್ಲ, ಮಧ್ಯಾಹ್ನದ ಹೊತ್ತಿಗೆ ನಲ್ಲಿಯಲ್ಲಿ ನೀರಿನ ರಭಸವೇ ಇರುವುದಿಲ್ಲ. ಬರ್ನರ್ ಹಚ್ಚಿದ ಮೇಲೆ ಥರ್ಮಾಮೀಟರ್ ಬೇಗ ಬೇಗ ಏರಿತು. ಇದ್ದಿಲಿನ ಸೋಸುಕಾಗದ ಇನ್ನೂ ನನ್ನ ಲಾಕರಿನಲ್ಲಿದೆ, ಎಸೆದಿಲ್ಲ! ಅದರಿಂದ ಏನಾದರೂ ವಾಪಸ್ ಸಿಗುತ್ತದೆಯೇ?

ಉತ್ತರ: ಅಟೆಂಡರ್, ಶ್ರೀರಂಗಪಟ್ಟಣ

ಮೇಡಂ ಹೇಳಿದ್ದರಲ್ಲಿ ನಾನು ಕೈಹಾಕುವುದಿಲ್ಲ. ಕರಗುವ ಬಿಂದುವಿನ ಕೈಕೆಲಸ ಮಾತ್ರ ಹೇಳುತ್ತೇನೆ, ದಿನವೂ ನೋಡುತ್ತೇನೆ.

ಕ್ಯಾಪಿಲರಿ, ಅಂದರೆ ಸಪೂರ ಗಾಜಿನ ಕೊಳವೆ, ಅದರ ಒಂದು ತುದಿಯನ್ನು ಜ್ವಾಲೆಯ ಅಂಚಿನಲ್ಲಿ ತಿರುಗಿಸುತ್ತಾ ಮುಚ್ಚಬೇಕು. ನಡುಜ್ವಾಲೆಗೆ ಹಿಡಿದರೆ ತುದಿ ಗುಂಡಾಗಿ ದಪ್ಪವಾಗುತ್ತದೆ, ಶಾಖ ಸರಿಯಾಗಿ ಒಳಗೆ ಹೋಗುವುದಿಲ್ಲ. ಹರಳನ್ನು ನುಣ್ಣಗೆ ಪುಡಿ ಮಾಡಿ, ತೆರೆದ ಬಾಯಿಯನ್ನು ಅದರಲ್ಲಿ ಚುಚ್ಚಿ, ತಿರುಗಿಸಿ, ಉದ್ದನೆಯ ಗಾಜಿನ ಕೊಳವೆಯೊಂದನ್ನು ಮೇಜಿನ ಮೇಲೆ ನೆಟ್ಟಗೆ ಹಿಡಿದು ಅದರೊಳಗೆ ಬೀಳಬಿಡಿ. ಟಪ್ ಟಪ್ ಎಂದು ಪುಟಿದು ಪುಡಿ ತಳಕ್ಕೆ ಕೂರುತ್ತದೆ. ಎರಡು ಮೂರು ಮಿ.ಮೀ. ಎತ್ತರ ಸಾಕು. ಕೆಲವರು ಅರ್ಧ ಕ್ಯಾಪಿಲರಿ ತುಂಬುತ್ತಾರೆ. ಅದರ ತಳ ಕರಗಿ ಮೇಲು ಉಳಿದಿರುತ್ತದೆ, ಯಾವುದನ್ನು ಬರೆಯುವುದು?

ಥರ್ಮಾಮೀಟರಿಗೆ ಕಟ್ಟಲು ದಾರ ಬೇಡ. ಸೈಕಲ್ಲಿನ ವಾಲ್ವ್ ಟ್ಯೂಬ್ ಇದೆಯಲ್ಲ, ಅದರಂಥ ರಬ್ಬರ್ ಟ್ಯೂಬಿನಿಂದ ತೆಳುವಾದ ಉಂಗುರ ಕತ್ತರಿಸಿ ಹಾಕಿ. ಪುಡಿ ಇರುವ ಜಾಗ ಪಾದರಸದ ಬುಡ್ಡಿಯ ಪಕ್ಕಕ್ಕೇ ಬರಬೇಕು. ಇದನ್ನು ಕಾಯಿಸುವುದು ಥೀಲೆ ಟ್ಯೂಬಿನಲ್ಲಿ, ಅಂದರೆ ಪಕ್ಕಕ್ಕೆ ಒಂದು ತೋಳಿರುವ, ಪ್ಯಾರಾಫಿನ್ ಎಣ್ಣೆ ತುಂಬಿದ ಗಾಜಿನ ಕೊಳವೆಯಲ್ಲಿ. ಉಂಗುರ ಆ ಎಣ್ಣೆಯ ಮಟ್ಟಕ್ಕಿಂತ ಮೇಲಿರಬೇಕು, ಬಿಸಿಯಾದಾಗ ಎಣ್ಣೆ ಹಿಗ್ಗಿ ಏರುತ್ತದೆ ಎನ್ನುವುದೂ ಲೆಕ್ಕದಲ್ಲಿರಲಿ. ಎಣ್ಣೆ ತಾಗಿದ ರಬ್ಬರ್ ಮೆತ್ತಗಾಗಿ ಕ್ಯಾಪಿಲರಿ ಜಾರಿಬಿಡುತ್ತದೆ. ಥೀಲೆ ಟ್ಯೂಬಿನ ಪಕ್ಕದ ತೋಳಿನ ಕೆಳಗೆ ಸಣ್ಣ ಜ್ವಾಲೆ ಇಡಿ, ನೇರ ತಳಕ್ಕೆ ಬೇಡ. ತೋಳಿನಲ್ಲಿ ಬಿಸಿಯಾದ ಎಣ್ಣೆ ತಾನೇ ಸುತ್ತು ಹಾಕುತ್ತದೆ. ಟ್ಯೂಬಿನಲ್ಲಿ ನೀರಿನ ಹನಿ ಇರಲೇಬಾರದು, ನೂರು ದಾಟುವಾಗ ಎಣ್ಣೆ ಸಿಡಿಯುತ್ತದೆ.

95ರವರೆಗೆ ಬೇಗ ಏರಿಸಿ. ಅಲ್ಲಿಂದ ಮುಂದೆ ಬರ್ನರನ್ನು ಹತ್ತಿರ ತರುವುದು, ದೂರ ಸರಿಸುವುದು, ನಿಮಿಷಕ್ಕೆ ಒಂದೆರಡು ಡಿಗ್ರಿಗಿಂತ ಹೆಚ್ಚು ಏರಬಾರದು. ಮೊದಲ ಹನಿ ಮಿನುಗಿದಾಗ ಒಂದು ಅಂಕಿ, ಪೂರ್ತಿ ತಿಳಿಯಾದಾಗ ಇನ್ನೊಂದು. ಒಮ್ಮೆ ಕರಗಿಸಿದ ಕ್ಯಾಪಿಲರಿಯನ್ನು ಮತ್ತೆ ಬಳಸಬೇಡಿ.

ಉತ್ತರ: ಪ್ಯಾನ್ ಫ್ಲೋರ್, ಪಾಂಡವಪುರ

ನಾನು ಸಕ್ಕರೆ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. 1933ರಿಂದ ಸಕ್ಕರೆ ಕಾರ್ಖಾನೆ ಇರುವ ಊರಿನ ಹುಡುಗಿ ಹರಳಿನ ಬಗ್ಗೆ ಕೇಳಿದಾಗ ಸುಮ್ಮನಿರಲು ಆಗಲಿಲ್ಲ. ನಮ್ಮಲ್ಲೂ ಇದೇ ಕಸುಬು, ಅಳತೆ ಮಾತ್ರ ಟನ್ನಿನಲ್ಲಿ. ವ್ಯಾಕ್ಯೂಮ್ ಪ್ಯಾನಿನಲ್ಲಿ ಒತ್ತಡ ಇಳಿಸಿ, ಪಾಕವನ್ನು 60–70 ಡಿಗ್ರಿಯಲ್ಲೇ ಕುದಿಸುತ್ತೇವೆ, ಬಣ್ಣ ಕೆಡಬಾರದಲ್ಲ. ಪಾಕ ಹದಕ್ಕೆ ಬಂದಾಗ, ಅಂದರೆ ಕರಗಿರಬಹುದಾದದ್ದಕ್ಕಿಂತ ಹೆಚ್ಚು ಸಕ್ಕರೆ ಅದರಲ್ಲಿ ತುಂಬಿದಾಗ, ಸ್ಪಿರಿಟಿನಲ್ಲಿ ಅರೆದ ಸಕ್ಕರೆಯ ನುಣುಪು ಪುಡಿಯನ್ನು ಬೀಜವಾಗಿ ಬಿಡುತ್ತೇವೆ. ಪ್ಯಾನ್‌ಮನ್ ಒಂದು ಕಡ್ಡಿಯಲ್ಲಿ ಪಾಕ ತೆಗೆದು ಗಾಜಿನ ಚೂರಿಗೆ ಸವರಿ ಬೆಳಕಿಗೆ ಹಿಡಿಯುತ್ತಾನೆ. ಕಾಳುಗಳೆಲ್ಲ ಒಂದೇ ಸಮ ಇದ್ದರೆ ಮುಖ ಅರಳುತ್ತದೆ. ನಡುವೆ ದೂಳಿನಂಥ ಹೊಸ ಕಾಳು ಕಂಡರೆ ಅದು ಫಾಲ್ಸ್ ಗ್ರೇನ್. ಅವಸರದಲ್ಲಿ ಪಾಕ ಬಿಗಿಯಾದಾಗ ತಾನಾಗಿ ಹುಟ್ಟುತ್ತದೆ, ಗಿರಗಿರನೆ ತಿರುಗಿಸಿ ಹರಳನ್ನು ಬೇರ್ಪಡಿಸುವ ಸೆಂಟ್ರಿಫ್ಯೂಜಿನಲ್ಲಿ ಜಾಲರಿಯನ್ನೇ ಮುಚ್ಚಿಬಿಡುತ್ತದೆ.

ನಿಮ್ಮ ಬೀಕರಿಗೂ ಇದೇ ನ್ಯಾಯ. ಬಿಸಿ ದ್ರಾವಣವನ್ನು ನೇರ ಐಸಿಗೆ ಇಟ್ಟರೆ ಪುಡಿಪುಡಿ ಬರುತ್ತದೆ. ಪುಡಿಗೆ ಮೈ ಹೆಚ್ಚು, ಅದಕ್ಕೆ ತಾಯಿದ್ರಾವಣ, ಅಂದರೆ ಹರಳು ಬಂದ ಮೇಲೆ ಉಳಿಯುವ ದ್ರಾವಣ, ಹೆಚ್ಚು ಅಂಟಿಕೊಳ್ಳುತ್ತದೆ. ಮುಚ್ಚಿಟ್ಟು ನಿಧಾನವಾಗಿ ತಣಿಯಬಿಡಿ, ಕೈಗೆ ಬಿಸಿ ತಾಗದಂತಾದ ಮೇಲೆ ಐಸು. ಹರಳು ಬರಲು ಹಟ ಮಾಡಿದರೆ ಬೀಕರಿನ ಒಳಗೋಡೆಯನ್ನು ಗಾಜಿನ ಕಡ್ಡಿಯಿಂದ ಗೀರಿ, ಇಲ್ಲವೇ ಹಳೆಯ ಒಂದು ಹರಳನ್ನು ಬೀಜವಾಗಿ ಹಾಕಿ.

ಉತ್ತರ: ಬುನ್ಸೆನ್ ಅಜ್ಜಿ, ಸರಸ್ವತಿಪುರಂ, ಮೈಸೂರು

ಅಟೆಂಡರ್ ಅವರು ಹೇಳಿದ್ದನ್ನು ಅಚ್ಚು ಹಾಕಿಸಿ ಎಲ್ಲ ಲ್ಯಾಬಿನ ಗೋಡೆಗೂ ಅಂಟಿಸಬೇಕು. ಎಷ್ಟೋ ಕಡೆ ಅಧ್ಯಾಪಕರಿಗಿಂತ ಇವರ ಕೈಗೇ ಪ್ರಯೋಗ ಚೆನ್ನಾಗಿ ಒಲಿದಿರುತ್ತದೆ.

ಕಾಗದ ಎಸೆಯದಿದ್ದದ್ದು ನಿನ್ನ ಪುಣ್ಯ. ಅದನ್ನು ಇದ್ದಿಲಿನ ಸಮೇತ 70 ಮಿ.ಲೀ. ನೀರಿನಲ್ಲಿ ಹಾಕಿ ಕುದಿಸು, ಕಾಗದ ಬಿಡಿಸಿ ತೆಗೆ, ಬಿಸಿಯಾಗಿಯೇ ಹೊಸ ನೆರಿಗೆ ಕಾಗದದಲ್ಲಿ ಸೋಸು. ಕಾಗದದ ಅಂಚಿನಲ್ಲಿ ಹರಳು ಕಂಡರೆ ಒಂದೆರಡು ಚಮಚ ಕುದಿಯುವ ನೀರಿನಿಂದ ತೊಳೆದು ಕೆಳಗಿಳಿಸು. ಮೊದಲಿನ 2.9 ಗ್ರಾಂ ಹರಳನ್ನು ಗಡಿಯಾರ ಗಾಜಿನ (ವಾಚ್ ಗ್ಲಾಸ್ ಎನ್ನುವ ಗಾಜಿನ ತಟ್ಟೆ) ಮೇಲೆ ಹರಡಿ, ಮೇಲೊಂದು ಸೋಸುಕಾಗದ ಮುಚ್ಚಿ, ರಾತ್ರಿಯೆಲ್ಲ ಬಿಡು. ತೂಗು, ಮತ್ತೆ ಸ್ವಲ್ಪ ಹೊತ್ತು ಬಿಟ್ಟು ತೂಗು. ತೂಕ ಇಳಿಯುತ್ತಿದ್ದರೆ ಇನ್ನೂ ನೀರಿದೆ ಎಂದರ್ಥ. ಸಹಿಗಾಗಿ ಒದ್ದೆ ಹರಳಿನ ಕರಗುವ ಬಿಂದು ನೋಡಿಸುವ ಕಾಲೇಜುಗಳ ಬಗ್ಗೆ ನಾನು ಇಲ್ಲಿ ಬಾಯಿ ಬಿಡುವುದಿಲ್ಲ, ರಕ್ತದೊತ್ತಡದ ಮಾತ್ರೆ ಈಗಷ್ಟೇ ನುಂಗಿದ್ದೇನೆ.

ನಲ್ಲಿಯ ಪಂಪ್ ಎಳೆಯದಿದ್ದರೆ ಅದಕ್ಕೆ ಬೈದು ಫಲವಿಲ್ಲ, ಕಾಗದಗಳ ನಡುವೆ ಒತ್ತಿದ್ದು ಸರಿಯೇ. ಆದರೆ ಒಂದು ಎಚ್ಚರ: ನಲ್ಲಿ ನಿಲ್ಲಿಸುವ ಮೊದಲು ಫ್ಲಾಸ್ಕಿನ ರಬ್ಬರ್ ಕೊಳವೆಯನ್ನು ಕಳಚಬೇಕು. ರಭಸ ಕುಸಿದ ಗಳಿಗೆಯಲ್ಲಿ ನಲ್ಲಿಯ ನೀರು ಹಿಂದಕ್ಕೆ ನುಗ್ಗಿ ಸೋಸಿದ ದ್ರಾವಣಕ್ಕೇ ಸೇರುತ್ತದೆ. ನಡುವೆ ಒಂದು ಖಾಲಿ ಬಾಟಲಿ ಇರಿಸಿದ್ದರೆ ಅದು ಅಲ್ಲೇ ತಡೆಯುತ್ತದೆ.

ವೈವಾಕ್ಕೆ: 5 ಮಿ.ಲೀ. ಅನಿಲೀನ್ ಎಂದರೆ 5.1 ಗ್ರಾಂ, ಅದರಿಂದ ಸಿದ್ಧಾಂತದ ಪ್ರಕಾರ 7.4 ಗ್ರಾಂ ಬರಬೇಕು. ಇದನ್ನು ಅಣುತೂಕ 93 ಮತ್ತು 135 ಹಿಡಿದು ನೀನೇ ಮಾಡಿ ತೋರಿಸು. ಕರಗುವ ಬಿಂದು 114 ಬಂದಮಾತ್ರಕ್ಕೆ ಇದು ಅಸಿಟನಿಲೈಡೇ ಎಂದು ಹೇಗೆ ಹೇಳುತ್ತೀಯ ಎಂದು ಕೇಳುತ್ತಾರೆ. ಬಾಟಲಿಯಲ್ಲಿರುವ ಶುದ್ಧ ಅಸಿಟನಿಲೈಡಿನೊಂದಿಗೆ ಬೆರೆಸಿ ನೋಡುತ್ತೇನೆ, ಅಂಕಿ ಇಳಿಯದಿದ್ದರೆ ಎರಡೂ ಒಂದೇ ಎನ್ನು. ಯೂರಿಯಾ ಮತ್ತು ಸಿನಮಿಕ್ ಆಮ್ಲ ಎರಡೂ ಬೇರೆ ಬೇರೆಯಾಗಿ 133ರ ಹತ್ತಿರ ಕರಗುತ್ತವೆ, ಬೆರೆಸಿದರೆ ಎಷ್ಟೋ ಕೆಳಗೆ ಇಳಿದುಬಿಡುತ್ತದೆ ಎಂಬ ಉದಾಹರಣೆಯನ್ನು ಜೇಬಿನಲ್ಲಿಟ್ಟುಕೊಂಡಿರು.

ಸಾಮಾನ್ಯವಾಗಿ ಇನ್ನೊಂದು ಪ್ರಶ್ನೆ ಬರುತ್ತದೆ, ಇದರ ಉಪಯೋಗವೇನು ಎಂದು. 1886ರಲ್ಲಿ ಕಾನ್ ಮತ್ತು ಹೆಪ್ ಎಂಬ ವೈದ್ಯರು ಇದನ್ನು ಜ್ವರದ ಔಷಧಿಯಾಗಿ ತಂದರು, ಆಂಟಿಫೆಬ್ರಿನ್ ಎಂಬ ಹೆಸರಿನಲ್ಲಿ. ಜ್ವರ ಇಳಿಯುತ್ತಿತ್ತು, ಆದರೆ ರಕ್ತದ ಹಿಮೋಗ್ಲೋಬಿನ್ ಕೆಟ್ಟು ರೋಗಿಯ ತುಟಿ ನೀಲಿಯಾಗುತ್ತಿತ್ತು. ದೇಹದೊಳಗೆ ಅದು ಬಹುಪಾಲು ಪ್ಯಾರಾಸಿಟಮಾಲ್ ಆಗಿ ಬದಲಾಗುತ್ತದೆ, ಜ್ವರ ಇಳಿಸುವ ಗುಣ ಅದರದ್ದೇ ಎಂದು ಆಮೇಲೆ ತಿಳಿಯಿತು. ಅನಿಲೀನ್ ಕೂಡ ರಕ್ತಕ್ಕೆ ಅದೇ ಕೇಡು ಮಾಡುತ್ತದೆ, ಅದೂ ಚರ್ಮದ ಮೂಲಕವೇ ಒಳಗೆ ಹೋಗುತ್ತದೆ. ಕೈಗವಸು ಹಾಕು, ಕೈ ತೊಳೆಯದೆ ಊಟದ ಡಬ್ಬಿ ತೆರೆಯಬೇಡ.

ಉತ್ತರ: ನಾಲೆಬದಿ ವಿದ್ಯಾರ್ಥಿನಿ, ಮಂಡ್ಯ

ಮೇಡಂ, ಕಾಗದದಿಂದ 2.2 ಗ್ರಾಂ ಸಿಕ್ಕಿತು. ಬಿಳಿಯಾಗಿ, ತಟ್ಟೆತಟ್ಟೆಯಾಗಿ ಹೊಳೆಯುತ್ತಿದೆ. ಚೆನ್ನಾಗಿ ಒಣಗಿಸಿ ನೋಡಿದರೆ 112ರಿಂದ 113. ಹಳೆಯ ಹರಳು ಒಣಗಿದ ಮೇಲೆ 2.7ಕ್ಕೆ ಇಳಿದಿದೆ, ಅದು 113–114. ವಾಲ್ವ್ ಟ್ಯೂಬನ್ನು ಸೈಕಲ್ ಅಂಗಡಿಯಲ್ಲಿ ಕೇಳಿದಾಗ ಯಾವುದಕ್ಕೆ ಎಂದು ವಿಚಾರಿಸಿ, ಹೇಳಿದ ಮೇಲೆ ದುಡ್ಡೇ ತೆಗೆದುಕೊಳ್ಳಲಿಲ್ಲ. ಈಗ ಎರಡನ್ನೂ ಒಟ್ಟಿಗೆ ಬೆರೆಸಿ 4.9 ಗ್ರಾಂ ಎಂದು ಒಪ್ಪಿಸಬಹುದೇ?

ಉತ್ತರ: ಬುನ್ಸೆನ್ ಅಜ್ಜಿ, ಸರಸ್ವತಿಪುರಂ, ಮೈಸೂರು

ಬೆರೆಸಬೇಡ. 113–114 ಬಂದ ಒಳ್ಳೆಯ ಪದಾರ್ಥಕ್ಕೆ ಇನ್ನೊಂದನ್ನು ಸೇರಿಸಿ ಏಕೆ ಕೆಡಿಸುತ್ತೀಯ? ಎರಡು ಪೊಟ್ಟಣ ಮಾಡು. ಒಂದರ ಮೇಲೆ ಮೊದಲ ಫಸಲು, ಇನ್ನೊಂದರ ಮೇಲೆ ಎರಡನೇ ಫಸಲು ಎಂದು ಬರೆದು, ತೂಕ ಮತ್ತು ಕರಗುವ ವ್ಯಾಪ್ತಿಯನ್ನು ಬೇರೆ ಬೇರೆಯಾಗಿ ನಮೂದಿಸು. ರೆಕಾರ್ಡಿನಲ್ಲಿ 114 ಎಂದು ತಿದ್ದಬೇಡ, ಬಂದದ್ದನ್ನೇ ಬರೆ. ಮೊದಲು ಬಂದ 108–111ನ್ನೂ ಹೊಡೆದುಹಾಕದೆ ಪಕ್ಕದಲ್ಲಿ 'ಒದ್ದೆ ಹರಳು, ವೇಗವಾಗಿ ಕಾಯಿಸಿದ್ದು' ಎಂದು ಬರೆದಿಡು. ತಾಯಿದ್ರಾವಣವನ್ನು ವೈವಾ ಮುಗಿಯುವವರೆಗೆ ಇಟ್ಟುಕೊಂಡಿರು, ಆಮೇಲೆ ಸಿಂಕಿಗೆ ಸುರಿಯದೆ ಸಾವಯವ ತ್ಯಾಜ್ಯದ ಬಾಟಲಿಗೆ ಹಾಕು. ಅಂಥ ಬಾಟಲಿ ನಿಮ್ಮ ಲ್ಯಾಬಿನಲ್ಲಿ ಇಲ್ಲದಿದ್ದರೆ ಅಟೆಂಡರನ್ನು ಕೇಳು, ಎಲ್ಲೋ ಒಂದು ಮೂಲೆಯಲ್ಲಿ ಇಟ್ಟಿರುತ್ತಾರೆ.